ಉತ್ತರ ಕೊಡದ ಗಿರಾಕಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡು, ನುಡಿ, ಕವಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ತಕ್ಕ ವಿದ್ವಾಂಸರು ಈ ಸಭೆಯಲ್ಲಿಯೇ ಇದ್ದಾರೆ. ನಾನಾದರೋ ಬ್ಯಾಂಕಿನಲ್ಲಿ ಗುಮಾಸ್ತ, ಓದಿದ್ದು ಬಿ.ಕಾಂ.; ಜಮೆ-ಖರ್ಚಿನ ಹೊರತು ಬೇರೆ ಶಾಸ್ತ್ರವನ್ನರಿಯೆ. ಆದಕಾರಣ ಕಾರ್ಯದರ್ಶಿಗಳು ನನ್ನನ್ನು ಮಾತಿಗೆ ಕರೆದಾಗ, ನನಗೆ ತಿಳಿದ ವಿಷಯವೊಂದನ್ನೇ ಆರಿಸಿಕೊಂಡೆನು. ಕೆಲಸ ಮಾಡಿದವರಿಗೆ ಬರಬೇಕಾದ ಹಣ, ಮತ್ತು ಆ ಹಣಕ್ಕಿಂತಲೂ ಮೊದಲು ಬರಬೇಕಾದ ಒಂದು ಉತ್ತರ, ಇದೇ ಇಂದಿನ ವಿಷಯ.

ನಮ್ಮ ಹಿರಿಯರು ಪುಣೆಗೆ ಬಂದ ಕಾಲದಲ್ಲಿ ಕೆಲಸಕ್ಕೊಂದು ಬಾಗಿಲು ಇರುತ್ತಿತ್ತು. ಹೋಟೆಲಿನಲ್ಲಿ ಗಲ್ಲಾದ ಮೇಲೆ ಮಾಲೀಕರು ಕುಳಿತಿರುತ್ತಿದ್ದರು. ರೈಲ್ವೆಯಲ್ಲಿ, ಕಾರಖಾನೆಯಲ್ಲಿ, ಬ್ಯಾಂಕಿನಲ್ಲಿ ಮೇಲಧಿಕಾರಿ ಕಣ್ಣೆದುರಿಗಿದ್ದ. ಸಂಬಳ ಕಡಿಮೆಯಿದ್ದಿರಬಹುದು, ಬೈಗಳನ್ನೂ ತಿನ್ನಬೇಕಾಗಿದ್ದಿರಬಹುದು; ಆದರೆ ಹೋಗಿ ಕೇಳಿದರೆ ಹೌದೆಂದೋ ಇಲ್ಲವೆಂದೋ ಹೇಳುವ ಒಂದು ಮುಖವಂತೂ ಇತ್ತು. ಇಂದು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಹುಡುಗರು, ಹೆಣ್ಣುಮಕ್ಕಳು ಕೋಣೆಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಕಾಣದ ಊರಿನ, ಕಾಣದ ಯಜಮಾನನಿಗೆ ದುಡಿಯುತ್ತಿದ್ದಾರೆ. ಒಬ್ಬರು ಚಿತ್ರ ಬರೆಯುತ್ತಾರೆ, ಒಬ್ಬರು ಲೆಕ್ಕ ಬರೆಯುತ್ತಾರೆ, ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾರೆ. ಇವರಿಗೆ ಫ್ರೀಲಾನ್ಸರು ಎಂದು ಹೆಸರು. ಈ ಮಾತು ಪ್ರಸಿದ್ಧಿಗೆ ಬಂದದ್ದು ಸರ್ ವಾಲ್ಟರ್ ಸ್ಕಾಟನ ‘ಐವಾನ್‌ಹೋ’ ಕಾದಂಬರಿಯಿಂದ. ಯಾವ ಒಬ್ಬ ದೊರೆಗೂ ಕಟ್ಟುಬೀಳದೆ ಕೂಲಿಗಾಗಿ ಈಟಿ ಹಿಡಿಯುವ ಸೈನಿಕ ಎಂದು ಅಲ್ಲಿ ಅದರ ಅರ್ಥ. ಈಟಿ ಹೋಗಿ ಕೀಲಿಮಣೆ ಬಂದಿದೆ. ಕಟ್ಟುಬೀಳದ ಸ್ವಾತಂತ್ರ್ಯವೂ ಕೂಲಿಯ ಚಿಂತೆಯೂ ಹಾಗೆಯೇ ಉಳಿದಿವೆ.

ಹಾಗೆಂದು ಇದು ಸಣ್ಣ ಸಂಗತಿಯಲ್ಲ. ನೀತಿ ಆಯೋಗವು 2022ರಲ್ಲಿ ಹೊರತಂದ ವರದಿಯ ಪ್ರಕಾರ, 2020-21ರಲ್ಲಿ ನಮ್ಮ ದೇಶದಲ್ಲಿ ಇಂತಹ ಬಿಡಿಗೆಲಸದವರು ಸುಮಾರು 77 ಲಕ್ಷ ಮಂದಿ. 2029-30ರ ಹೊತ್ತಿಗೆ ಈ ಸಂಖ್ಯೆ 2 ಕೋಟಿ 35 ಲಕ್ಷವಾಗುವುದೆಂದು ಅಂದಾಜು. ಅದರಲ್ಲಿ ಊಟ ಹಂಚುವವರು, ಗಾಡಿ ಓಡಿಸುವವರು ಸೇರಿದ್ದಾರೆ, ನಿಜ. ಮನೆಯಲ್ಲಿ ಕುಳಿತು ಬುದ್ಧಿಯ ಕೆಲಸ ಮಾಡುವವರೂ ಅದೇ ಬಳಗದವರು.

ಈ ಕೆಲಸ ಸಿಗುವ ಪೇಟೆಗಳೂ ಜಾಲದಲ್ಲಿಯೇ ಇವೆ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಹುಟ್ಟಿದ ಈಲಾನ್ಸ್, ಆಮೇಲೆ ಬಂದ ಓಡೆಸ್ಕ್, ಇವೆರಡೂ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರನ್ನು ತಾಳಿದವು. ಇಸ್ರೇಲಿನಲ್ಲಿ 2010ರಲ್ಲಿ ಫೈವರ್ ಆರಂಭವಾಯಿತು. ಮೊದಲಿಗೆ ಅಲ್ಲಿ ಯಾವ ಕೆಲಸಕ್ಕಾದರೂ ಬೆಲೆ ಐದು ಡಾಲರು, ಅದರಿಂದಲೇ ಆ ಹೆಸರು. ಪೇಟೆಯವನಿಗೆ ದಲ್ಲಾಳಿ ಸಲ್ಲಬೇಕಷ್ಟೆ. ಫೈವರ್ ನೂರಕ್ಕೆ ಇಪ್ಪತ್ತನ್ನು ಮುರಿದುಕೊಳ್ಳುತ್ತದೆ. ಅಪ್‌ವರ್ಕಿನಲ್ಲಿ 2023ರಿಂದ ನೂರಕ್ಕೆ ಹತ್ತರಂತೆ ಇದ್ದದ್ದು, 2025ರ ಮೇ ತಿಂಗಳಿಂದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ ಹದಿನೈದರವರೆಗೆ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಇದಲ್ಲದೆ ಅಲ್ಲಿ ಅರ್ಜಿ ಹಾಕಲು ‘ಕನೆಕ್ಟ್’ ಎಂಬ ಬಿಲ್ಲೆಗಳನ್ನು ಕೊಳ್ಳಬೇಕು. ಬಿಲ್ಲೆಯೊಂದಕ್ಕೆ 15 ಸೆಂಟು. ಒಂದು ಅರ್ಜಿಗೆ ಹತ್ತು ಬಿಲ್ಲೆ ಎಂದು ಇಟ್ಟುಕೊಳ್ಳಿ. ಇಪ್ಪತ್ತು ಅರ್ಜಿಗೆ 30 ಡಾಲರಾಯಿತು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 2,550 ರೂಪಾಯಿ. ಅರ್ಜಿಯೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ 15 ಗಂಟೆಯ ದುಡಿಮೆ. ಈ ಇಪ್ಪತ್ತಕ್ಕೂ ಉತ್ತರ ಬಾರದಿದ್ದರೆ, ಯಾವ ಖಾತೆಗೆ ಇದನ್ನು ಖರ್ಚು ಬರೆಯಬೇಕು?

ಇಲ್ಲಿಂದ ನನ್ನ ವಿಷಯ ಆರಂಭವಾಗುತ್ತದೆ. ಗಿರಾಕಿಯ ಮೌನ ಒಂದೇ ಬಗೆಯದಲ್ಲ; ಮೂರು ಬಗೆಯದು.

ಮೊದಲನೆಯದು, ಕೆಲಸಕ್ಕೆ ಮುಂಚಿನ ಮೌನ. ಹಳೆಯ ಕಾಲದಲ್ಲಿ ಕತೆಗಾರರು ವಾರಪತ್ರಿಕೆಗೆ ಕತೆ ಕಳಿಸುವಾಗ ಸ್ವವಿಳಾಸದ ಅಂಚೆ ಲಕೋಟೆ ಇಡುತ್ತಿದ್ದರು. ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಅಸ್ವೀಕೃತವೆಂದು ತಿಳಿಯತಕ್ಕದ್ದು ಎಂದು ಸಂಪಾದಕರು ಅಚ್ಚು ಹಾಕಿಸುತ್ತಿದ್ದರು. ಕಠಿಣವಾದ ಮಾತಾದರೂ ಅದು ಒಂದು ಮಾತು. ಜಾಲದ ಪೇಟೆಯಲ್ಲಿ ಅಷ್ಟೂ ಇಲ್ಲ. ಒಂದು ಕೆಲಸಕ್ಕೆ ಐವತ್ತಕ್ಕೂ ಹೆಚ್ಚು ಅರ್ಜಿ ಬೀಳುತ್ತವೆ. ಕೆಲವು ಗಿರಾಕಿಗಳು ಬೆಲೆ ಕೇಳಿ ನೋಡಲೆಂದೇ ಜಾಹೀರಾತು ಹಾಕಿರುತ್ತಾರೆ. ಕೆಲವರು ಹಾಕಿ ಮರೆತೇಬಿಡುತ್ತಾರೆ. ಈ ಮೌನಕ್ಕೆ ನಾವು ಹೆಚ್ಚು ಕೊರಗುವ ಕಾರಣವಿಲ್ಲ. ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವನ ಮುಂದೆ ಹಾದುಹೋದವರೆಲ್ಲ ಕೊಳ್ಳುವವರಲ್ಲ.

ಎರಡನೆಯದು, ಕೆಲಸದ ನಡುವಿನ ಮೌನ. ಅರ್ಧ ಕೆಲಸವಾಗಿದೆ, ಒಂದು ಸಂಶಯ ಕೇಳಬೇಕು. ಕನ್ನಡ ಅನುವಾದದವರನ್ನು ಕೇಳಿ ನೋಡಿ: ಯೂನಿಕೋಡಿನಲ್ಲಿ ಕೊಡಬೇಕೋ ನುಡಿಯಲ್ಲಿ ಬೇಕೋ, ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಉತ್ತರವಿಲ್ಲ. ಕ್ಯಾಲಿಫೋರ್ನಿಯದ ಗಡಿಯಾರ ನಮಗಿಂತ ಬೇಸಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಆದಕಾರಣ ಒಂದು ದಿನ ತಡವಾದರೆ ಸಹಜ. ವಾರ ಕಳೆದರೆ ಸಹಜವಲ್ಲ. ಕೆಲಸ ನಿಲ್ಲಿಸುವಂತಿಲ್ಲ, ಮುಂದುವರಿಸುವಂತಿಲ್ಲ, ಬೇರೆ ಕೆಲಸ ಹಿಡಿಯುವಂತೆಯೂ ಇಲ್ಲ.

ಮೂರನೆಯದು, ಕೆಲಸ ಒಪ್ಪಿಸಿದ ಮೇಲಿನ ಮೌನ. ಇದೇ ನಿಜವಾಗಿ ನೋಯಿಸುವಂಥದು. ಇದಕ್ಕೆ ದೂರದ ಉದಾಹರಣೆ ಬೇಡ. ನನ್ನ ತಂಗಿ ಮನೆಯಲ್ಲಿದ್ದುಕೊಂಡೇ ಅನುವಾದ ಮಾಡುವವಳು. ಜಾಲತಾಣವೊಂದರಲ್ಲಿ ಪರಿಚಯವಾದ, ಬೇರೊಂದು ಊರಿನ ಸಂಸ್ಥೆಯವರು ಅವಳಿಗೆ ಮೊದಲು 3,000 ಪದಗಳ ಸಣ್ಣ ಕೆಲಸ ಕೊಟ್ಟರು. ಪದಕ್ಕೆ 40 ಪೈಸೆಯಂತೆ 1,200 ರೂಪಾಯಿ ಎರಡೇ ದಿನದಲ್ಲಿ ಬಂತು. ಆಮೇಲೆ, ಜಾಲತಾಣದ ದಲ್ಲಾಳಿ ಏಕೆ ದಂಡ, ನೇರವಾಗಿಯೇ ವ್ಯವಹರಿಸೋಣ ಎಂದು ವಾಟ್ಸಾಪಿನಲ್ಲಿ ಹೇಳಿ, ಮಕ್ಕಳ ಪಾಠದ ಆ್ಯಪೊಂದಕ್ಕೆ 46,000 ಪದಗಳನ್ನು ಕಳಿಸಿದರು. ದಿನಕ್ಕೆ ಎರಡು ಸಾವಿರ ಪದದಂತೆ 23 ದಿನ ಕೆಲಸ. ಒಪ್ಪಿಸಿದ್ದಾಯಿತು, 18,400 ರೂಪಾಯಿಯ ಬಿಲ್ಲನ್ನೂ ಕಳಿಸಿದ್ದಾಯಿತು. ಎರಡು ನೀಲಿ ಗೀಟು ಬಿದ್ದವು. ಓದಿದ್ದಾರೆ ಎಂದು ಅದರರ್ಥ. ಅನಂತರ ಒಂದು ಅಕ್ಷರವಿಲ್ಲ.

ನಾಲ್ಕು ತಿಂಗಳ ಮೇಲೆ ನೆರೆಮನೆಯ ಮಗುವಿನ ಫೋನಿನಲ್ಲಿ ಆ ಆ್ಯಪು ಕಂಡಿತು. ‘ಇಲ್ಲಿ ಬೆರಳಿಟ್ಟು ಮುಂದಿನ ಪಾಠಕ್ಕೆ ಹೋಗು ಮರಿ’ ಎಂಬ ವಾಕ್ಯ ಅವಳದೇ. ಆ ‘ಮರಿ’ ಎಂಬ ಮಾತನ್ನು ಮೂಲದಲ್ಲಿಲ್ಲದಿದ್ದರೂ ಮಕ್ಕಳಿಗೆ ಹಿತವಾಗಲೆಂದು ಅವಳೇ ಸೇರಿಸಿದ್ದಳು. ಅಮ್ಮ ಅದನ್ನು ಓದಿ ಹೆಮ್ಮೆಪಟ್ಟರು. ತಂಗಿ ನನ್ನನ್ನು ಕೇಳಿದ್ದು ದುಡ್ಡಿನ ಮಾತನ್ನಲ್ಲ. “ಅಣ್ಣಾ, ಕೆಲಸ ಚೆನ್ನಾಗಿಲ್ಲ ಎಂದಾದರೂ ಒಂದು ಮಾತು ಹೇಳಬಾರದಿತ್ತೆ?” ಎಂದಳು. ಚೆನ್ನಾಗಿತ್ತು, ಅದಕ್ಕಾಗಿಯೇ ಬಳಸಿಕೊಂಡರು. ಆದರೆ ಅವಳು ನಾಲ್ಕು ತಿಂಗಳೂ ತನ್ನ ಕನ್ನಡದಲ್ಲಿಯೇ ತಪ್ಪು ಹುಡುಕುತ್ತ ಕುಳಿತಿದ್ದಳು. ಹಣ ಬಾರದ ನಷ್ಟವನ್ನು ಲೆಕ್ಕ ಹಾಕಬಹುದು. ಈ ನಷ್ಟವನ್ನು ಹಾಕುವ ಕಲಮು ನಮ್ಮ ಬ್ಯಾಂಕಿನ ಯಾವ ಖಾತೆಪುಸ್ತಕದಲ್ಲೂ ಇಲ್ಲ.

ಗಿರಾಕಿಗಳೆಲ್ಲರೂ ವಂಚಕರೆಂದು ನಾನು ಹೇಳುತ್ತಿಲ್ಲ. ಎಷ್ಟೋ ವೇಳೆ ಗಿರಾಕಿಯೇ ಮಧ್ಯವರ್ತಿ. ಅವನ ಮೇಲೊಬ್ಬ ಗಿರಾಕಿ ಹಣ ಕೊಡದೆ ಕೂತಿರುತ್ತಾನೆ. ಕೆಲವರಿಗೆ ‘ಬೇಡ’ ಎನ್ನಲು ಸಂಕೋಚ. ಕೆಲವರಿಗೆ ದಾಕ್ಷಿಣ್ಯದ ಪ್ರಶ್ನೆಯೇ ಇಲ್ಲ. ಎದುರಿಗೆ ಮುಖವಿಲ್ಲದಿದ್ದರೆ ಮನುಷ್ಯನಿಗೆ ನಾಚಿಕೆಯೂ ಕಡಿಮೆ. ನಮ್ಮ ಊರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವುದುಂಟಷ್ಟೆ. ಸಾಲಗಾರರೂ ಅದೇ ಮಂತ್ರವನ್ನು ಕಲಿತರು; ಇಲ್ಲಿಯ ಅಂಗಡಿಯವರು ‘ಉದ್ಯಾ ಯಾ’ ಎನ್ನುತ್ತಾರೆ. ಆದರೆ ‘ನಾಳೆ ಬಾ’ ಎಂದವನು ನಾವು ಇದ್ದೇವೆಂಬುದನ್ನಾದರೂ ಒಪ್ಪಿಕೊಂಡ. ಮಾತೇ ಆಡದವನು ಅದನ್ನೂ ಒಪ್ಪಲಿಲ್ಲ.

‘ಮೌನಂ ಸಮ್ಮತಿಲಕ್ಷಣಂ’ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಇದು ವ್ಯವಹಾರದಲ್ಲಿ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಈಗ ವಿಚಾರ ಮಾಡೋಣ. 1872ರ ಕರಾರು ಕಾಯಿದೆಯ ಪ್ರಕಾರ, ಒಬ್ಬರು ಮುಂದಿಟ್ಟ ಪ್ರಸ್ತಾಪಕ್ಕೆ ಇನ್ನೊಬ್ಬರು ತಮ್ಮ ಒಪ್ಪಿಗೆಯನ್ನು ತಿಳಿಸಬೇಕು. ಬರಿಯ ಮೌನ ಒಪ್ಪಿಗೆಯಾಗದು. ಆದ್ದರಿಂದ ಗಿರಾಕಿ ‘ಆಗಲಿ’ ಎಂದು ಬರೆಯುವ ಮೊದಲು ಕೆಲಸಕ್ಕೆ ಕೈ ಹಾಕಬಾರದು. ಆದರೆ ಕೆಲಸ ಒಪ್ಪಿಸಿದ ಮೇಲೆ ನ್ಯಾಯ ಬೇರೆಯಾಗುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆ ಹೀಗೆನ್ನುತ್ತದೆ: ಸೇವೆ ಒಪ್ಪಿಸಿದ 15 ದಿನಗಳೊಳಗೆ ಕೊಂಡವನು ಬರೆಹದಲ್ಲಿ ಆಕ್ಷೇಪಣೆ ಎತ್ತದಿದ್ದರೆ, ಅವನು ಅದನ್ನು ಒಪ್ಪಿದಂತೆಯೇ. ಇಲ್ಲಿ ಮೌನವೇ ಸಮ್ಮತಿ. ಒಪ್ಪಿದ ಮೇಲೆ ಕರಾರಿನಲ್ಲಿ ಹೇಳಿದ ದಿನದೊಳಗೆ, ಅದು ಯಾವುದಿದ್ದರೂ 45 ದಿನ ಮೀರದಂತೆ, ಹಣ ಸಲ್ಲಿಸಬೇಕು. ಕರಾರಿನಲ್ಲಿ ದಿನ ಹೇಳದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳಿಗೂ ಕಟ್ಟಿದಂತೆ. ಬ್ಯಾಂಕ್ ದರ ಐದೂವರೆ ಇದ್ದರೆ ಬಡ್ಡಿ ಹದಿನಾರೂವರೆಯಾಯಿತು. 18,400 ರೂಪಾಯಿಗೆ ವರ್ಷಕ್ಕೆ 3,270 ರೂಪಾಯಿಗೂ ಮೇಲೆ.

ಇದರ ಲಾಭ ಪಡೆಯಬೇಕಾದರೆ ನಾವು ‘ಉದ್ಯಮ್’ ನೋಂದಣಿ ಮಾಡಿಸಿರಬೇಕು. ಇದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಜಾಲದಲ್ಲಿಯೇ ಆಗುತ್ತದೆ, ಶುಲ್ಕವಿಲ್ಲ, ಆಧಾರ್, ಪ್ಯಾನ್ ಇದ್ದರಾಯಿತು. ಮನೆಯಲ್ಲಿ ಒಬ್ಬರೇ ಕುಳಿತು ಸೇವೆ ಮಾಡುವವರೂ ಸೂಕ್ಷ್ಮ ಉದ್ಯಮವೇ. ಕೆಲಸ ಹಿಡಿಯುವ ಮೊದಲೇ ಇದನ್ನು ಮಾಡಿಸಿಡುವುದು ಲೇಸು; ಜಗಳ ಬಂದ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ತಕರಾರು ಏಳುತ್ತದೆ. ಹಣ ಬಾರದಿದ್ದರೆ ಸರಕಾರಿ ತಾಣದ ಮೂಲಕ ರಾಜ್ಯದ ಸೌಲಭ್ಯ ಮಂಡಲಿಗೆ ದೂರು ಕೊಡಬಹುದು. ಮೊದಲು ರಾಜಿ, ಆಮೇಲೆ ಪಂಚಾಯ್ತಿ. ತೀರ್ಪಿನ ವಿರುದ್ಧ ಕೊಂಡವನು ಕೋರ್ಟಿಗೆ ಹೋಗಬೇಕಾದರೆ ಮೊತ್ತದ ನೂರಕ್ಕೆ 75 ಭಾಗ ಠೇವಣಿ ಇಡಬೇಕು. 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳಿದರೂ ಹೆಚ್ಚು ಕಾಲ ಹಿಡಿಯುವುದುಂಟು. ಏನಿದ್ದರೂ ಒಂದು ನೋಟೀಸು ಹೋದರೆ ಎಷ್ಟೋ ಬಾಯಿಗಳು ತೆರೆದುಕೊಳ್ಳುತ್ತವೆ.

ಗಿರಾಕಿ ಪರದೇಶದವನಾದರೆ ಈ ಕಾಯಿದೆಯ ಕೈ ಅವನವರೆಗೆ ಚಾಚುವುದು ಕಷ್ಟ. ಆಗ ಜಾಲತಾಣದ ನಿಯಮವೇ ಗತಿ. ಅಪ್‌ವರ್ಕಿನಲ್ಲಿ ಗೊತ್ತಾದ ಬೆಲೆಯ ಕೆಲಸಕ್ಕೆ ಗಿರಾಕಿ ಹಣವನ್ನು ಮೊದಲೇ ತಾಣದ ವಶಕ್ಕೆ ಕೊಟ್ಟಿರುತ್ತಾನೆ. ಕೆಲಸ ಒಪ್ಪಿಸಿ 14 ದಿನ ಅವನು ಏನೂ ಹೇಳದಿದ್ದರೆ ಹಣ ತಾನಾಗಿ ಕೆಲಸಗಾರನಿಗೆ ಬಿಡುಗಡೆಯಾಗುತ್ತದೆ. ಫೈವರಿನಲ್ಲಿ ಮೂರು ದಿನ ಸುಮ್ಮನಿದ್ದರೆ ಕೆಲಸ ಮುಗಿದಂತೆ ಲೆಕ್ಕ. ನಮ್ಮ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ಟಿನ ಬಂಧುವೇ ಇದು: ಪರಸ್ಪರ ನಂಬದ ಇಬ್ಬರ ನಡುವೆ ಇಬ್ಬರೂ ನಂಬುವ ಮೂರನೆಯವನು. ದಲ್ಲಾಳಿ ಉಳಿಸಲು ತಾಣದಿಂದಾಚೆ ಬಾ ಎಂದು ಯಾರಾದರೂ ಕರೆದರೆ, ಉಳಿಯುವುದು ದಲ್ಲಾಳಿ, ಹೋಗುವುದು ಜಾಮೀನು ಎಂಬುದನ್ನು ನೆನೆಯತಕ್ಕದ್ದು.

ನ್ಯೂಯಾರ್ಕ್ ನಗರದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ 2017ರ ಮೇ 15ರಿಂದ ಒಂದು ಕಾನೂನು ಜಾರಿಯಲ್ಲಿದೆ. 800 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಬಿಡಿಗೆಲಸಕ್ಕೆ ಲಿಖಿತ ಕರಾರು ಬೇಕು. ಕರಾರಿನಲ್ಲಿ ದಿನ ಹೇಳದಿದ್ದರೆ ಕೆಲಸ ಮುಗಿದ 30 ದಿನಗಳಲ್ಲಿ ಹಣ ಕೊಡಬೇಕು. ಕೊಡದೆ ಹೋದರೆ ಇಮ್ಮಡಿ ಪರಿಹಾರ ತೆರಬೇಕಾಗಬಹುದು. ನಗರದ ಕಚೇರಿಗೆ ದೂರು ಹೋದಾಗ ಗಿರಾಕಿ 20 ದಿನಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಆ ಮೌನವೇ ಕೋರ್ಟಿನಲ್ಲಿ ಅವನ ವಿರುದ್ಧ ನಿಲ್ಲುತ್ತದೆ. 2024ರ ಆಗಸ್ಟಿನಿಂದ ಇಂತಹದೇ ಕಾನೂನು ನ್ಯೂಯಾರ್ಕ್ ರಾಜ್ಯಕ್ಕೆಲ್ಲ ಬಂದಿದೆ. ಇದನ್ನು ತಂದವರು ದೊಡ್ಡ ಮನುಷ್ಯರಲ್ಲ. ಬಿಡಿಬಿಡಿಯಾಗಿ ಕುಳಿತಿದ್ದ ಕೆಲಸಗಾರರು ಒಂದು ಸಂಘ ಕಟ್ಟಿಕೊಂಡು ಗಟ್ಟಿಯಾಗಿ ಕೇಳಿದರು. ನಮ್ಮಲ್ಲಿಯೂ ಸಾಮಾಜಿಕ ಭದ್ರತೆಯ 2020ರ ಸಂಹಿತೆಯಲ್ಲಿ ಬಿಡಿಗೆಲಸದವರ ಹೆಸರು ಮೊದಲ ಬಾರಿ ಬಂತು. ಕರ್ನಾಟಕ ಸರಕಾರ 2025ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಅವುಗಳ ಮುಖ್ಯ ಗುರಿ ಭದ್ರತೆ, ಕಲ್ಯಾಣ. ಉತ್ತರ ಕೊಡದ ಗಿರಾಕಿಯನ್ನು ಮಾತನಾಡಿಸುವ ಕೆಲಸ ಇನ್ನೂ ನಮ್ಮದೇ.

ಅದನ್ನು ಮಾಡುವ ಬಗೆ ಹೇಗೆ? ಈ ಎಲ್ಲ ನಿಯಮಗಳಲ್ಲೂ ಒಂದು ಸಾಮಾನ್ಯ ಸೂತ್ರವನ್ನು ತಾವು ಕಂಡಿರಬಹುದು: ಮೌನಕ್ಕೊಂದು ಗಡುವು. ಗಡುವಿಲ್ಲದ ಮೌನ ಕಾಯುವವನನ್ನು ತಿನ್ನುತ್ತದೆ; ಗಡುವಿಟ್ಟರೆ ಅದಕ್ಕೊಂದು ಅರ್ಥ ಬರುತ್ತದೆ. ಬ್ಯಾಂಕಿನಲ್ಲಿ ಸಾಲದ ಕಂತು 90 ದಿನಕ್ಕೂ ಮೀರಿ ಬಾಕಿ ನಿಂತರೆ ಅದನ್ನು ವಸೂಲಾಗದ ಆಸ್ತಿಯ ಪಟ್ಟಿಗೆ ಸೇರಿಸುತ್ತೇವೆ. ಸಾಲಗಾರನ ಮೇಲಿನ ಕೋಪದಿಂದಲ್ಲ. ನಮ್ಮ ಲೆಕ್ಕ ನಮಗೆ ಸುಳ್ಳು ಹೇಳಬಾರದೆಂದು. ಮನೆಯಲ್ಲಿ ದುಡಿಯುವವರೂ ಹೀಗೆಯೇ ಮಾಡಲಿ.

‘ಆಳು ನೋಡಿ ಮಣೆ ಹಾಕು’ ಎಂದು ಗಾದೆ. ಗಿರಾಕಿ ಹಿಂದೆ ಎಷ್ಟು ಮಂದಿಗೆ ಕೆಲಸ ಕೊಟ್ಟಿದ್ದಾನೆ, ಎಷ್ಟು ಹಣ ಕೊಟ್ಟಿದ್ದಾನೆ ಎಂಬುದು ದೊಡ್ಡ ತಾಣಗಳಲ್ಲಿ ಕಾಣುತ್ತದೆ. ಅನುವಾದಕರಿಗಾದರೆ ಪ್ರೋಝ್ ತಾಣದಲ್ಲಿ ‘ಬ್ಲೂ ಬೋರ್ಡ್’ ಎಂಬುದಿದೆ. ಇಂಥ ಸಂಸ್ಥೆಗೆ ಮತ್ತೆ ಕೆಲಸ ಮಾಡುವೆವೋ ಇಲ್ಲವೋ ಎಂದು ಅನುವಾದಕರೇ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಮೊದಲು ಅದನ್ನು ನೋಡಬೇಕು. ಹೊಸ ಗಿರಾಕಿಯಿಂದ ಮುಂಗಡ ಪಡೆಯಬೇಕು. ದೊಡ್ಡ ಕೆಲಸವನ್ನು ಕಂತುಗಳಾಗಿ ಮುರಿದು, ಒಂದು ಕಂತಿನ ಹಣ ಬಂದ ಮೇಲೆ ಮುಂದಿನದನ್ನು ಕೊಡಬೇಕು. ಕೆಲಸ ಒಪ್ಪಿಸುವ ಪತ್ರದಲ್ಲಿಯೇ, ಇಂಥ ತಾರೀಖಿನೊಳಗೆ ಆಕ್ಷೇಪಣೆ ಬಾರದಿದ್ದರೆ ಒಪ್ಪಿದ್ದೀರೆಂದು ತಿಳಿಯುವೆನು ಎಂದು ಒಂದು ಸಾಲು ಬರೆಯಬೇಕು. ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ವಿನಯದ ಜ್ಞಾಪಕಪತ್ರ. ನಲವತ್ತೈದನೆಯ ದಿನ ನೋಟೀಸು. ತೊಂಬತ್ತನೆಯ ದಿನ ಆ ಹಣವನ್ನು ಮನಸ್ಸಿನಿಂದ ಖರ್ಚು ಬರೆದು ಮುಂದಿನ ಕೆಲಸಕ್ಕೆ ಹೋಗಬೇಕು. ಕಾಗದಗಳನ್ನು ಮಾತ್ರ ಎಸೆಯಬಾರದು. ಮಾಡಿದ ಕೆಲಸದ ಬೆಲೆಗಾಗಿ ದಾವೆ ಹೂಡಲು ಮೂರು ವರ್ಷಗಳ ಅವಧಿ ಇರುತ್ತದೆ. ಇನ್ನು, ಒಬ್ಬನೇ ಸಾಲಗಾರನಿಗೆ ಎಲ್ಲ ಹಣವನ್ನೂ ಕೊಡಕೂಡದೆಂದು ರಿಸರ್ವ್ ಬ್ಯಾಂಕು ನಮಗೆ ಮಿತಿ ಹಾಕಿದೆ. ಒಬ್ಬನೇ ಗಿರಾಕಿಯನ್ನು ನಂಬಿ ಕೂಡಬಾರದೆಂಬುದಕ್ಕೆ ಇದೇ ನ್ಯಾಯ.

ಈಗ ಮನೆಯ ಹಿರಿಯರಿಗೆ ಒಂದು ಬಿನ್ನಹ. ‘ಹುಡುಗ ಏನು ಮಾಡುತ್ತಾನೆ?’ ಎಂದು ನೆಂಟರು ಕೇಳಿದಾಗ ‘ಮನೆಯಲ್ಲಿಯೇ ಇದ್ದಾನೆ’ ಎಂದು ನಾವು ದನಿ ತಗ್ಗಿಸುತ್ತೇವೆ. ಹೆಣ್ಣುಮಗಳಾದರಂತೂ ಕೆಲಸದ ನಡುವೆ ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸುತ್ತೇವೆ. ಅವರು ದುಡಿಯುತ್ತಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅವರ ಪಾಲಿಗೆ ಸುಳ್ಳಾಗುತ್ತಿದ್ದರೆ ಅದು ಅವರ ಕೈಯ ದೋಷವಲ್ಲ. ಹಣ ಬಾರದ ತಿಂಗಳಿನಲ್ಲಿ ‘ಎಷ್ಟು ಬಂತು?’ ಎಂದು ಕೇಳುವ ಬದಲು ‘ಯಾರು ಕೊಡಬೇಕು?’ ಎಂದು ಕೇಳಿ. ಮೊದಲನೆಯ ಪ್ರಶ್ನೆ ಮಗುವನ್ನು ಒಂಟಿಮಾಡುತ್ತದೆ. ಎರಡನೆಯದು ಅದರ ಪಕ್ಕದಲ್ಲಿ ನಿಲ್ಲುತ್ತದೆ.

ಕಡೆಯದಾಗಿ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕಾಲ, ನಮ್ಮಲ್ಲಿರುವ ವಕೀಲರು, ಲೆಕ್ಕಪರಿಶೋಧಕರು, ಬ್ಯಾಂಕಿನವರು ಇಲ್ಲಿ ಕುಳಿತು ಈ ಮಕ್ಕಳ ಕರಾರು, ನೋಂದಣಿ, ನೋಟೀಸುಗಳಿಗೆ ನೆರವಾಗಲಿ. ಆ ಪಾಳಿಯಲ್ಲಿ ಮೊದಲ ಹೆಸರು ನನ್ನದಿರಲಿ. ಎರಡನೆಯದು, ಯಾವ ಗಿರಾಕಿ ಎಷ್ಟು ದಿನಕ್ಕೆ ಹಣ ಕೊಟ್ಟ ಎಂಬುದರ ಒಂದು ಪುಸ್ತಕವನ್ನು ಸದಸ್ಯರ ಉಪಯೋಗಕ್ಕಾಗಿ ಇಡೋಣ. ಅದರಲ್ಲಿ ನಿಂದೆ ಬೇಡ. ಕೆಲಸ ಒಪ್ಪಿಸಿದ ತಾರೀಖು, ಹಣ ಬಂದ ತಾರೀಖು, ಇಷ್ಟೇ ಸಾಕು.

ಮೂರನೆಯದು ನಮ್ಮನ್ನೇ ಕುರಿತದ್ದು. ನಾವೂ ಗಿರಾಕಿಗಳೇ. ಈ ಸಂಚಿಕೆಗೆ ಮುಖಚಿತ್ರ ಬರೆಯುವವರಿದ್ದಾರೆ, ಪುಟ ಕಟ್ಟುವ ಡಿಟಿಪಿಯವರಿದ್ದಾರೆ, ಸಮಾರಂಭಕ್ಕೆ ತಬಲ ನುಡಿಸುವವರು, ವೀಡಿಯೊ ತೆಗೆಯುವವರು ಇದ್ದಾರೆ. ‘ನಮ್ಮವರೇ ಅಲ್ಲವೆ, ನಿಧಾನವಾಗಿ ಕೊಟ್ಟರಾಯಿತು’ ಎಂಬ ಮಾತು ಸಂಘಸಂಸ್ಥೆಗಳಲ್ಲಿ ಕೇಳಿಬರುವಂಥದೇ. ನಮ್ಮವರಿಗೇ ಮೊದಲು ಕೊಡಬೇಕು. ಕೆಲಸ ಒಪ್ಪಿಸಿದ ಏಳು ದಿನಗಳೊಳಗೆ ಹಣ, ಹಣ ಕೂಡದಿದ್ದರೆ ಎರಡು ದಿನಗಳೊಳಗೆ ಒಂದು ಉತ್ತರ ಎಂದು ನಾವು ಗೊತ್ತುವಳಿ ಮಾಡಿದರೆ, ಪರವೂರಿನ ಗಿರಾಕಿಯನ್ನು ಕೇಳುವ ಬಾಯಿ ನಮಗೆ ಬರುತ್ತದೆ. ಕನ್ನಡದಲ್ಲಿ ‘ಆಯಿತು’ ಎನ್ನಲು ಒಂದೇ ಪದ ಬೇಕು. ‘ಬೇಡ’ ಎನ್ನಲೂ ಒಂದೇ ಪದ ಸಾಕು. ಎರಡಕ್ಕೂ ಖರ್ಚಿಲ್ಲ.

ಈ ಮೂರು ಸಲಹೆಗಳಿಗೆ ಕಾರ್ಯಕಾರಿ ಸಮಿತಿಯಿಂದ ಹೌದೆಂದೋ ಅಲ್ಲವೆಂದೋ ಒಂದು ಉತ್ತರವನ್ನು ಹದಿನೈದು ದಿನಗಳೊಳಗೆ ನಿರೀಕ್ಷಿಸುತ್ತ, ನನ್ನ ಮಾತನ್ನು ಮುಗಿಸುತ್ತೇನೆ.

ಸಿರಿಗನ್ನಡಂ ಗೆಲ್ಗೆ.